ಎಡಪ್ಪಳ್ಳಿಯ ಒಂದೇ ಕನ್ನಡ ಮನೆ

ಎಡಪ್ಪಳ್ಳಿ,
ಭಾನುವಾರ, ೧೨ ಅಕ್ಟೋಬರ್ ೧೯೫೮

ಚಿ. ಚಂದ್ರಾವತಿಗೆ ನಿನ್ನ ತಂದೆಯ ಆಶೀರ್ವಾದಗಳು.

ನಾನೂ ನಿನ್ನ ಅಮ್ಮನೂ ಕ್ಷೇಮ. ನಿನ್ನ ಎರಡು ಪತ್ರಗಳಿಗೆ ಉತ್ತರ ಕೊಡದೆ ಮೂರನೆಯದನ್ನೂ ಬರೆಯಿಸಿಕೊಂಡೆ, ಕ್ಷಮಿಸು. ಕೆಲಸದ ನೆಪ ಹೇಳಬಹುದಿತ್ತು. ಕಾಸರಗೋಡಿನ ವ್ಯಾಜ್ಯಗಳ ಕನ್ನಡ ದಸ್ತಾವೇಜುಗಳು ಇಲ್ಲಿಯ ಹೈಕೋರ್ಟಿಗೆ ಬಂದು ಬೀಳುತ್ತಲೇ ಇವೆ, ನಮ್ಮ ವಿಭಾಗದಲ್ಲಿ ಅವನ್ನು ಇಂಗ್ಲಿಷಿಗೆ ತಿರುಗಿಸುವವನು ನಾನೊಬ್ಬನೇ. ಆದರೆ ಮಕ್ಕಳಿಂದ ನೆಪಗಳನ್ನು ನಾನು ಎಂದೂ ಒಪ್ಪಿಕೊಂಡವನಲ್ಲ. ಈಗ ನಾನೇ ಒಂದನ್ನು ಮುಂದಿಡುವುದು ನ್ಯಾಯವಲ್ಲ. ಏನು ಬರೆಯಬೇಕೆಂದು ತಿಳಿಯಲಿಲ್ಲ, ಅಷ್ಟೆ.

ನಿನ್ನ ಮೆಡಿಕಲ್ ಕಾಲೇಜಿನ ಹತ್ತಿರ ಉಳ್ಳೂರಿನಲ್ಲಿ ನೀನು ನೋಡಿಟ್ಟಿರುವ ಬಾಡಿಗೆ ಮನೆಯ ವರ್ಣನೆಯನ್ನು ಅಮ್ಮನಿಗೆ ಓದಿ ಹೇಳಿದೆ. ಬಾವಿ ಅಡುಗೆಮನೆಗೆ ತಾಗಿಕೊಂಡೇ ಇದೆ ಎಂಬ ವಾಕ್ಯವನ್ನು ಅವಳು ಇನ್ನೊಮ್ಮೆ ಓದಿಸಿದಳು. ತಿರುವನಂತಪುರದ ಸೆಕ್ರೆಟೇರಿಯಟ್ಟಿನಲ್ಲಿ ಕನ್ನಡ ಭಾಷಾಂತರಕಾರನ ಹುದ್ದೆಗೆ ನನ್ನನ್ನು ಕೇಳಿರುವುದು ನಿಜ. ಈ ತಿಂಗಳು ಮುಗಿಯುವುದರೊಳಗೆ ಹೌದು ಅಥವಾ ಅಲ್ಲ ಎಂದು ತಿಳಿಸಬೇಕು. ಹೌದೆಂದರೆ ಮೂವರೂ ಒಂದೇ ಸೂರಿನಡಿ ಇರಬಹುದು.

"ಹೋಗುವ, ಮಾರಾಯ್ರೆ," ಎಂದಳು ನಿನ್ನ ಅಮ್ಮ. "ಕೂಸು ಒಬ್ಬಳೇ ಆ ಹಾಸ್ಟೆಲಿನ ಗಂಜಿ ಉಂಡುಕೊಂಡು ಎಷ್ಟು ಸಮಯ ಇರುವುದು? ನಿಮಗಾದರೂ ಇಲ್ಲಿ ಎಂತ ಇದೆ?"

ನಾನು ಮೂರು ಆಕ್ಷೇಪಗಳನ್ನು ಕ್ರಮವಾಗಿ ಮಂಡಿಸಿದೆ: ಕೈಯಲ್ಲಿರುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಹೊಸ ಊರಿನ ನೀರು ನನಗೆ ಒಗ್ಗದು, ನಿನ್ನ ಓದಿನ ಏಕಾಗ್ರತೆ ಕೆಡುತ್ತದೆ. ಅವಳು ಮೂರಕ್ಕೂ "ಹೂಂ" ಎಂದು ಹುರುಳಿ ಆರಿಸುತ್ತ ಕುಳಿತಳು. ಮಂಗಳೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಎಂಥೆಂಥ ವಾಚಾಳಿಗಳನ್ನೋ ಸೋಲಿಸಿ ಕೂರಿಸಿದವನು ನಾನು. "ಹೂಂ" ಎನ್ನುವ ಎದುರಾಳಿಯನ್ನು ಏನು ಮಾಡಬೇಕೆಂದು ಅಲ್ಲಿ ಯಾರೂ ಕಲಿಸಲಿಲ್ಲ.

ಇದರ ನಡುವೆ ಒಂದು ಪ್ರಸಂಗ ನಡೆಯಿತು. ಇಲ್ಲಿಯ ವಾಚನಾಲಯದ ವಾರ್ಷಿಕೋತ್ಸವದಲ್ಲಿ ನಾನು ಭಾಷಣ ಮಾಡಬೇಕೆಂದು ಕಾರ್ಯದರ್ಶಿ ವರೀದ್ ಮಾಸ್ಟರು ಮನೆಗೇ ಬಂದು ಕೇಳಿದರು. ವಿಷಯ "ನಮ್ಮ ಊರಿನ ಜನ". ನನ್ನ ಮಲಯಾಳ ಸಭೆಗೆ ಯೋಗ್ಯವಲ್ಲ ಎಂದೆ. ಅದಕ್ಕೆ ಅವರು, "ಸಾರ್ ಯಾವ ಭಾಷೆಯಲ್ಲಾದರೂ ಹೇಳಿ. ಅರ್ಥವಾಗದಿದ್ದರೆ ನಾವು ಚಪ್ಪಾಳೆ ಇನ್ನೂ ಜೋರಾಗಿ ಹೊಡೆಯುತ್ತೇವೆ," ಎಂದರು. ಒಪ್ಪಿಕೊಂಡೆ. ಇಷ್ಟು ವರ್ಷಗಳ ಮೇಲೆ ವೇದಿಕೆ ಎಂದಾಗ ಮನಸ್ಸು ಸ್ವಲ್ಪ ಹಿಗ್ಗಿತೆಂದು ನಿನ್ನಲ್ಲಿ ಮುಚ್ಚಿಡುವುದೇಕೆ?

ಭಾಷಣವನ್ನು ನಾನು ಬರುವಷ್ಟು ಮಲಯಾಳದಲ್ಲೇ, ರಸ್ತೆಗಳ ಪ್ರಕಾರ ಕಟ್ಟಿದೆ. ಪಳ್ಳಿಯ, ಎಂದರೆ ಇಗರ್ಜಿಯ, ಸುತ್ತಿನ ಸುರಿಯಾನಿ ಕ್ರೈಸ್ತರು. ಅರಮನೆಯ ಗಣಪತಿ ದೇವಸ್ಥಾನದ ಕಡೆಯ ನಾಯರ್ ಮನೆತನಗಳು. ತೋಡಿನ ದಂಡೆಯ ಈಳವರು. ಮಸೀದಿಯ ಬೀದಿಯಲ್ಲಿ ಮೀನು, ಮರ, ಬೀಡಿಗಳ ವ್ಯಾಪಾರ ಮಾಡುವ ಮುಸಲ್ಮಾನರು. ದಿನಸಿ ಅಂಗಡಿಯ ಕೊಂಕಣಿಗರು. ಆಲುವಾಯಿ ರಸ್ತೆಯ ಕಾರ್ಖಾನೆಗಳಿಗೆಂದು ಹೊಸದಾಗಿ ಬಂದು ಬಾಡಿಗೆಗೆ ನಿಂತ ತಮಿಳರು. ಪೂಜೆಯ ಎಂಬ್ರಾಂದಿರಿಗಳನ್ನೂ ಬಿಡಲಿಲ್ಲ. ಅವರ ಹಿರಿಯರು ನಮ್ಮ ಕಡೆಯವರೇ. ಈಗ ತುಳು ಅವರಿಗೆ ಉಪಯೋಗಕ್ಕೆ ಬರುವುದು ಕಾಗೆ ನೈವೇದ್ಯಕ್ಕೆ ಬಾಯಿ ಹಾಕಿದಾಗ ಬೈಯಲಿಕ್ಕೆ ಮಾತ್ರ ಎಂದೆ. ಸ್ವತಃ ಎಂಬ್ರಾಂದಿರಿಗಳೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಕೊನೆಗೆ, "ಈ ಎಲ್ಲ ಬೀದಿಗಳ ಹೊರಗೆ ಒಂದು ಕನ್ನಡ ಮನೆ ಇದೆ. ಅದು ನಿನ್ನೆ ಬಂದದ್ದು, ನಾಳೆ ಹೋಗುವಂಥದು, ಆದ್ದರಿಂದ ಲೆಕ್ಕಕ್ಕಿಲ್ಲ," ಎಂದು ಮುಗಿಸಿದೆ. ವಿನಯದ ಮುಕ್ತಾಯವೆಂದು ನಾನು ಎಣಿಸಿದ್ದೆ.

ಮುಂದಿನ ಬೆಂಚಿನಿಂದ ನಮ್ಮ ಮನೆಯೊಡತಿ ಪಾರುಕುಟ್ಟಿಯಮ್ಮ ಎದ್ದು ನಿಂತರು.

ಅವರು ಹೇಳಿದ್ದನ್ನು ಬರೆಯುವ ಮೊದಲು ನಿನಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಹೋದ ವರ್ಷದ ಮಳೆಗಾಲದಲ್ಲಿ ನಿನ್ನ ತಮ್ಮನ ಟೈಫಾಯ್ಡ್ ಉಲ್ಬಣಿಸಿ ಅವನು ತೀರಿಕೊಂಡಾಗ ನೀನು ಪರೀಕ್ಷೆಗೆ ಕುಳಿತಿದ್ದೆ. ನೀನು ಬಸ್ಸಿನಿಂದ ಇಳಿಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಶ್ಯಾಮನನ್ನು ಮನೆಯೊಡತಿಯ ತೆಂಕಣ ಹಿತ್ತಿಲಲ್ಲಿ ದಹಿಸಿದೆವೆಂದು ಮಾತ್ರ ಹೇಳಿದ್ದೆ, ಹೇಗೆಂದು ಹೇಳಿರಲಿಲ್ಲ. ಈ ಊರಿನಲ್ಲಿ ಒಂದೊಂದು ಜನಕ್ಕೂ ತಮ್ಮ ತಮ್ಮ ನೆಲವಿದೆ. ಕ್ರೈಸ್ತರಿಗೆ ಪಳ್ಳಿಯ ಹಿಂದೆ, ಮುಸಲ್ಮಾನರಿಗೆ ಮಸೀದಿಯ ಪಕ್ಕ, ಕೊಂಕಣಿಗರಿಗೆ ಪಟ್ಟಣದಲ್ಲಿ. ನಾಯರ್ ಮನೆಗಳಲ್ಲಿ ಅವರವರ ಹಿತ್ತಿಲ ತೆಂಕಣ ಮೂಲೆ ಅವರ ಹಿರಿಯರಿಗೇ ಮೀಸಲು. ಬಾಡಿಗೆಯ ಕನ್ನಡದವನಿಗೆ ಎಲ್ಲಿ? ಯಾರನ್ನಾದರೂ ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಜಗಲಿಯಲ್ಲಿ ಕುಳಿತೇ ಇದ್ದೆ. ಪಾರುಕುಟ್ಟಿಯಮ್ಮನೇ ಆಳುಗಳನ್ನು ಕರೆದು ತಮ್ಮ ತೆಂಕಣ ಮೂಲೆಯ ಮಾವಿನ ಮರವನ್ನು ಚಿತೆಗೆಂದು ಕಡಿಸಿದರು. ಆ ನೆಲದಲ್ಲಿ ಹೊರಗಿನವರಿಗೆ ಚಿತೆಯೇ ಎಂದು ಅವರ ಸೋದರಳಿಯ ತಕರಾರು ತೆಗೆದ. "ನಿನಗೆ ಜಾಗ ಸಾಲದೆಂದು ಭಯವೇ? ಅಷ್ಟನ್ನು ನನ್ನ ಪಾಲಿನಿಂದ ಕಳೆದುಬಿಡು," ಎಂದು ಅವರು ಅವನ ಬಾಯಿ ಮುಚ್ಚಿಸಿದರು. ವರೀದ್ ಮಾಸ್ಟರೂ ಮಸೀದಿ ಬೀದಿಯ ಬಾವ ಎಂಬ ಮರದ ವ್ಯಾಪಾರಿಯೂ ಮಳೆಯಲ್ಲಿ ಸೌದೆ ಹೊತ್ತರು.

ಆ ಪಾರುಕುಟ್ಟಿಯಮ್ಮ ಸಭೆಯಲ್ಲಿ ಎದ್ದು ನಿಂತು ಮೆಲ್ಲನೆ ಹೇಳಿದರು: "ಅದು ಶರಿಯಲ್ಲ ಸಾರೇ. ನಮ್ಮ ತೆಂಕಣ ಹಿತ್ತಿಲಲ್ಲಿ ನನ್ನ ಅಣ್ಣನ ಪಕ್ಕ ಮಲಗಿರೋ ಹುಡುಗನ್ನ ಯಾವ ಬೀದಿ ಲೆಕ್ಕಕ್ಕೆ ಸೇರಿಸಿದಿರಿ? ಅವನು ನಮ್ಮವನು. ಅವನ ಅಪ್ಪ ಮಾತ್ರ ಹೊರಗಿನವನು ಹೇಗಾಗ್ತಾನೆ?"

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಾನು ಕೈಮುಗಿದು ಕುಳಿತೆ. ಅಧ್ಯಕ್ಷರು ಗಡಿಬಿಡಿಯಲ್ಲಿ ವಂದನಾರ್ಪಣೆಯನ್ನು ಎರಡು ಸಲ ಮಾಡಿಸಿದರು. ಮನೆಗೆ ಬಂದು ಕೈಕಾಲು ತೊಳೆಯುವಾಗ ಅಮ್ಮ, "ಅವನನ್ನು ನೋಡಿಕೊಳ್ಳಲಿಕ್ಕೆ ಪಾರುಕುಟ್ಟಿಯಮ್ಮ ಇದ್ದಾರಲ್ಲ. ಇನ್ನು ನಮಗೆ ಹೋಗಲಿಕ್ಕೆ ಹೆದರಿಕೆ ಎಂತದ್ದು?" ಎಂದಳು. ಅವಳ ತರ್ಕ ನನ್ನ ತರ್ಕಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿ ನಡೆದಿತ್ತು, ಮತ್ತು ಅದರಲ್ಲಿ ನನಗೆ ದೋಷ ಕಾಣಲಿಲ್ಲ. ಆದರೂ ಸೆಕ್ರೆಟೇರಿಯಟ್ಟಿಗೆ ನಾನು ಇನ್ನೂ ಉತ್ತರ ಬರೆದಿಲ್ಲ.

ಇಲ್ಲಿ ಬೇರೆ ವಿಶೇಷವಿಲ್ಲ. ಅಮ್ಮ ನಿನಗಾಗಿ ಮಾಡಿದ ಹಲಸಿನ ಹಪ್ಪಳವನ್ನು ವರೀದ್ ಮಾಸ್ಟರ ಸೊಸೆಯ ಕೈಯಲ್ಲಿ ಕಳುಹಿಸುತ್ತೇನೆ. ಇಡೀ ಹಾಸ್ಟೆಲಿಗೆ ಹಂಚಿ ನಿನಗಿಲ್ಲದಂತೆ ಮಾಡಿಕೊಳ್ಳಬೇಡ. ಅಂಗರಚನಾಶಾಸ್ತ್ರದಲ್ಲಿ ನಿನ್ನ ಅಂಕಗಳು ನಾನು ನಿರೀಕ್ಷಿಸಿದಷ್ಟು ಬಂದಿಲ್ಲ. ಹಾಗೆಂದು ಕಣ್ಣು ಕೆಡುವ ಹಾಗೆ ಓದಬೇಡ. ಕನ್ನಡದಲ್ಲಿ ಪತ್ರ ಬರೆಯುವುದನ್ನು ಬಿಡದಿರುವುದು ನನಗೆ ಎಷ್ಟು ಸಂತೋಷವೆಂದು ಹೇಳಿರಲಿಲ್ಲ; ಈಗ ಹೇಳಿದ್ದೇನೆ.

ನಿನಗೆ ಆಯುಸ್ಸು, ಆರೋಗ್ಯ, ಕೈಗುಣ ಎಲ್ಲವನ್ನೂ ದೇವರು ಧಾರಾಳವಾಗಿ ಕೊಡಲಿ.

ಇತಿ ನಿನ್ನ ತಂದೆ,
ಸುಬ್ರಾಯ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ತೆಂಕಣ ಹಿತ್ತಿಲನ್ನು ಬಿಟ್ಟು ಬರಲಾರೆನೆಂದು ನೀನು ತಿಳಿದೀಯೆ. ಅದಲ್ಲ, ಅಲ್ಲಿ ಅವನಿಗೆ ಏನೂ ಕಡಿಮೆಯಾಗದು. ಆಗಸ್ಟಿನಲ್ಲಿ ನಿನ್ನನ್ನು ನೋಡಿ ಹಿಂತಿರುಗುವಾಗ ರೈಲಿನಲ್ಲಿ ಎದುರು ಕುಳಿತ ಹೆಂಗಸು ಅಮ್ಮನನ್ನು ಮಕ್ಕಳೆಷ್ಟು ಎಂದು ಕೇಳಿದಳು. ಅಮ್ಮ ಇಬ್ಬರು ಎಂದಳು. ಮಗಳು ಡಾಕ್ಟರಿಕೆ ಓದುತ್ತಾಳೆ ಎಂದಳು. ಮಗ ಏನು ಮಾಡುತ್ತಾನೆ ಎಂದು ಆಕೆ ಕೇಳುವಷ್ಟರಲ್ಲಿ ನಾನು ಎದ್ದು ಹೋಗಿ ಬಾಗಿಲ ಬಳಿ ನಿಂತೆ, ಕೋಟ್ಟಯಂ ಬರುವವರೆಗೂ. ಅಮ್ಮ ಏನು ಹೇಳಿದಳೋ ನಾನು ಕೇಳಿಲ್ಲ.

ಎಡಪ್ಪಳ್ಳಿಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಹಾಕುವುದಿಲ್ಲ, ಎಲ್ಲರಿಗೂ ಗೊತ್ತು. ಉಳ್ಳೂರಿನಲ್ಲಿ ಸಾಮಾನು ಇಳಿಸುವ ಮೊದಲೇ ಬೇಲಿಯಾಚೆಯಿಂದ ಕೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಒಬ್ಬಳು ಎನ್ನಲು ನನ್ನಿಂದಾಗದು. ಇಬ್ಬರು ಎಂದರೆ ಅದರ ಬೆನ್ನಿಗೆ ಬರುವ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ನಿನ್ನ ಹಾಸ್ಟೆಲಿನಲ್ಲಿ ಒಡಹುಟ್ಟಿದವರೆಷ್ಟು ಎಂದು ಕೇಳಿದರೆ ನೀನು ಏನು ಹೇಳುತ್ತೀ, ಮಗೂ? ಅದನ್ನು ನನಗೆ ಬರೆದು ತಿಳಿಸು. ಉಳ್ಳೂರಿನ ಮನೆಯನ್ನು ಅಲ್ಲಿಯವರೆಗೆ ಬೇರೆಯವರಿಗೆ ಕೊಡದಿರಲು ಅದರ ಯಜಮಾನರಿಗೆ ಹೇಳು.