ಅಮ್ಮ ಸಡಿಲ ಮಾಡಿದ ಪಟ್ಟಿ

ಅಮ್ಮಾ,

ನನ್ನ ಹೊಸ ಸ್ಪೋರ್ಟ್ಸ್ ಬ್ರಾಗೆ ಕತ್ತರಿ ಹಾಕು ಅಂತ ನಿನಗೆ ಯಾರು ಹೇಳಿದ್ದು? ಬೀದಿಯವರ ಬಟ್ಟೆಯೆಲ್ಲ ಹೊಲಿದುಕೊಡ್ತೀಯ ಅಂತ ನನ್ನದಕ್ಕೂ ಕೈ ಹಾಕಬೇಕಾ?

ಎದೆ ಕೆಳಗಿನ ಪಟ್ಟಿ ಬಿಗಿ, ಮಗಳಿಗೆ ಉಸಿರು ಕಟ್ಟುತ್ತೆ ಅಂತ ಸಡಿಲ ಮಾಡಿದೀಯ. ಭಾರ ಹೊರೋದೇ ಆ ಪಟ್ಟಿ ಅಮ್ಮಾ, ಹೆಗಲ ಮೇಲಿನದಲ್ಲ! ಅಂಗಡಿಯಲ್ಲಿ ಬಗ್ಗಿ, ಎದ್ದು, ಕೈ ಮೇಲೆತ್ತಿ, ಮಾರೋಳಿಗೆ ಸಾಕು ಸಾಕು ಅನ್ನಿಸಿ ಆರಿಸಿದ್ದೆ. ನಿನ್ನೆ ಯೋಗ ಕ್ಲಾಸಲ್ಲಿ ತಲೆ ಕೆಳಗೆ ಮಾಡಿದ್ದೇ ತಡ, ಪಟ್ಟಿ ಜಾರಿ ಎಲ್ಲಾ ಗದ್ದಕ್ಕೆ ಬಂತು. ಎದೆ ಹಿಡ್ಕೊಂಡು, ಯಾರ ಮುಖಾನೂ ನೋಡದೆ ಎದ್ದು ಬಂದೆ.

ಸಂಜೆ ನನ್ನೆದುರಿಗೇ ಕೂತು ಅದನ್ನ ಮೊದಲಿನ ಹಾಗೆ ಹೊಲಿದುಕೊಡಬೇಕು. ಅಲ್ಲೀವರೆಗೂ ಮುಟ್ಟಬೇಡ. ಬಿಸಿನೀರಿಗಂತೂ ಹಾಕಲೇಬೇಡ.

ಹೊಲಿಗೆ ಮಿಷನ್ ಮೇಲೆ ಒಂದು ಪೊಟ್ಟಣ ಇದೆ. ಅದರಲ್ಲಿರೋ ಬ್ರಾ ನಿನ್ನ ಅಳತೇದು. ನಿನ್ನ ಹೆಗಲಲ್ಲಿ ಪಟ್ಟಿ ಕೊರೆದು ಬಿದ್ದಿರೋ ಗುಳಿಗಳನ್ನ ಚಿಕ್ಕಂದಿನಿಂದ ನೋಡ್ತಿದೀನಿ. ನನ್ನ ಉಸಿರಿನ ಚಿಂತೆ ಮಾಡೋಳಿಗೆ ತನ್ನ ಹೆಗಲು ಕಾಣಲ್ಲ! ಬಿಗಿ ಅನ್ಸುತ್ತೆ. ಅನ್ಸಲಿ. ನಾನು ಬರೋವರೆಗೂ ಹಾಕ್ಕೊಂಡೇ ಇರು.

ಕತ್ತರಿ ಹುಡುಕಬೇಡ. ನನ್ನ ಬ್ಯಾಗಲ್ಲಿದೆ.