ನೀರಿನ ಟ್ಯಾಂಕ್ ಮೇಲಿನ ಕಂದು ಹಕ್ಕಿ

ಮಹಡಿ ಮನೆ
ಜನವರಿ ೧೭, ಶುಕ್ರವಾರ, ಮಗು ಮಲಗಿರುವ ಹೊತ್ತು

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚೋದು ಸೋಮವಾರ ತಾನೆ? ಅಲ್ಲಿಯವರೆಗೆ ಉಜ್ಜಬೇಡ. ಇದನ್ನು ಓದಿ ಹೇಳುತ್ತಿರುವ ಅಣ್ಣ ಈ ಸಾಲನ್ನು ಎರಡು ಸಲ ಓದಲಿ. ಇಲ್ಲಿ ನಿನ್ನ ಮೊಮ್ಮಗಳಿಗೆ ಕೆಮ್ಮು ಹೋಗಿದೆ, ನಿದ್ದೆ ಇನ್ನೂ ಸರಿಹೋಗಿಲ್ಲ. ಅವಳು ಮಲಗಿದರೂ ಉಸಿರಾಡ್ತಿದ್ದಾಳಾ ಅಂತ ನೋಡುತ್ತಾ ಕೂರುವ ನನಗೆ ನಿದ್ದೆ ಎಲ್ಲಿಂದ ಬರಬೇಕು.

ಕಣ್ಣಿನ ಆಪರೇಷನ್‌ಗೆ ಅಂತ ಅಣ್ಣನ ಮನೆಗೆ ಹೊರಟಾಗ ನಿನ್ನ ಚಳಿಗಾಲದ ಹಕ್ಕಿ ಎಣಿಕೆಯನ್ನು ನನ್ನ ತಲೆಗೆ ಕಟ್ಟಿ ಹೋದೆಯಲ್ಲ, "ಬೆಳಗ್ಗೆ ಅರ್ಧ ಗಂಟೆ ಕಿಟಕಿ ಹತ್ರ ಕೂತರೆ ಸಾಕು" ಅಂತ. ಮೂರು ವಾರದಿಂದ ಎದುರಿನ ನೀರಿನ ಟ್ಯಾಂಕ್ ಮೇಲೆ ಒಂದು ಬೇಟೆ ಹಕ್ಕಿ ಕೂರುತ್ತಿದೆ. ಇನ್ನೂ ಎಳೆಯದು, ಅಷ್ಟು ಗೊತ್ತು. ಬೆನ್ನು ಕಂದು, ಎದೆ ಮೇಲೆ ಶಾಯಿ ಇಳಿದಂತೆ ಉದ್ದುದ್ದ ಗೆರೆ. ನಿನ್ನ ಪುಸ್ತಕ ತೆರೆದರೆ ಬಲಿತ ಹಕ್ಕಿಗಳಿಗೆ ಪುಟದ ತುಂಬ ಬಣ್ಣದ ಚಿತ್ರ, ಮರಿಗಳಿಗೆ ಒಂದೇ ಸಾಲು: "ಎಳೆಯವು ಕಂದು, ಎದೆಯಲ್ಲಿ ಗೆರೆಗಳು." ಊರೆಲ್ಲ ಇರುವ ಬಿಜ್ಜುವಿಗೂ ಅದೇ, ಅಪರೂಪಕ್ಕೊಮ್ಮೆ ಬರುವ ಡೇಗೆಗೂ ಅದೇ! ಬರೆದ ಮಹಾರಾಯ ಯಾವತ್ತಾದರೂ ಒಂದು ಮರಿಯ ಮುಖ ನೋಡಿದ್ದನಾ? ಮೊದಲ ವಾರ ನಿನ್ನ ಹಕ್ಕಿ ಸಂಘಕ್ಕೆ ಗಿಡುಗ ಅಂತ ಬರೆದು ಕಳಿಸಿದೆ, ಎರಡನೇ ವಾರ ಡೇಗೆ, ಮೂರನೇ ವಾರ ಬರೀ ಪ್ರಶ್ನಾರ್ಥಕ ಚಿಹ್ನೆ. ದುರ್ಬೀನು ಸರಿಮಾಡಿ ಕಣ್ಣಿಡುವಷ್ಟರಲ್ಲಿ ಇವಳು ಕಿರುಚುತ್ತಾಳೆ; ಎತ್ತಿಕೊಂಡು ಬಂದರೆ ಟ್ಯಾಂಕ್ ಖಾಲಿ. ನಿನ್ನ ಅಳಿಯ "ಒಂದು ಫೋಟೋ ತೆಗಿ" ಅಂತ ಸಲಹೆ ಕೊಟ್ಟು ಆಫೀಸಿಗೆ ಹೋದರು. ಯಾವ ಕೈಯಲ್ಲಿ ತೆಗೀಲಿ?

ಸಂಘದ ಕಾರ್ಯದರ್ಶಿ ನಿನ್ನೆ ಫೋನ್ ಮಾಡಿದ್ದರು. "ಏನಮ್ಮಾ, ಪ್ರಶ್ನಾರ್ಥಕ ಚಿಹ್ನೆ ಯಾವ ಜಾತಿ ಹಕ್ಕಿ? ನಿಮ್ಮಪ್ಪ ರೆಕ್ಕೆ ಸದ್ದಿಗೇ ಹೆಸರು ಹೇಳಿಬಿಡೋರು. ಇಪ್ಪತ್ತು ವರ್ಷದ ಹಿಂದೆ ಅದೇ ಟ್ಯಾಂಕ್ ಮೇಲೆ ಡೇಗೆ ಮರಿ ನೋಡಿದ್ರಲ್ಲ, ಇದೂ ಅದೇ ಇರುತ್ತೆ, ಬರೆದುಬಿಡಿ" ಅಂದರು. ಆ ಡೇಗೆಗಾಗಿ ನಿನಗೆ ಕೊಟ್ಟ ಮೆಚ್ಚುಗೆ ಪತ್ರ ಇನ್ನೂ ಸಂಘದ ಗೋಡೆ ಮೇಲಿದೆಯಂತೆ. ಭಾನುವಾರ ಎಣಿಕೆಯ ಕೊನೇ ಹಾಳೆ ಕೊಡಬೇಕು. ಸ್ವಂತ ಮಗು ಯಾಕೆ ಅಳುತ್ತೆ ಅಂತ ಹೇಳೋಕೆ ಬಾರದವಳ ಹತ್ತಿರ ಹಕ್ಕಿ ಮರಿಯ ಜಾತಿ ಕೇಳುತ್ತಾರೆ. ಸಿಟ್ಟು ಬರುತ್ತೆ ಅಪ್ಪಾ, ನಿನ್ನ ಮೇಲೂ.

ಎದ್ದಳು. ಅತ್ತಿಗೆಯನ್ನು ಕೇಳಿದೆ ಅಂತ ಹೇಳು. ಕಣ್ಣಿನ ಹನಿ ತಪ್ಪಿಸಬೇಡ.

ನಿನ್ನ ನಿದ್ದೆಗೆಟ್ಟ
ಮಗಳು

ಮರೆತದ್ದು: (ಅಣ್ಣಾ, ಇಲ್ಲಿಂದ ಓದಬೇಡ. ಮಡಚಿ ಇಡು. ಪಟ್ಟಿ ಬಿಚ್ಚಿದ ಮೇಲೆ ಅಪ್ಪನೇ ಓದಲಿ.) ಇವತ್ತು ಬೆಳಗ್ಗೆ ಹಕ್ಕಿ ತಿರುಗಿ ನೇರ ನನ್ನನ್ನೇ ನೋಡಿತು. ಕಣ್ಣು ಹಳದಿ. ಎಳೆಯದಿರಲಿ ಬಲಿತದ್ದಿರಲಿ, ಡೇಗೆಯ ಕಣ್ಣು ಕಪ್ಪು ಅಂತ ನನಗೆ ಕಲಿಸಿದವನು ನೀನೇ. ಇದು ಬಿಜ್ಜು ಮರಿ. ಖಾತ್ರಿಯಾಗಲಿ ಅಂತ ನಿನ್ನ ಹಳೇ ದಿನಚರಿ ತೆಗೆದು ಆ ಡೇಗೆಯ ಚಿತ್ರ ನೋಡಿದೆ. ಅದರ ಕಣ್ಣೂ ಹಳದಿ, ಅಪ್ಪಾ. ಆ ಹಳದಿ ಪೆನ್ಸಿಲ್ ನನ್ನ ಬಣ್ಣದ ಪೆಟ್ಟಿಗೆಯದು, ನಾನೇ ಚೂಪು ಮಾಡಿ ಕೊಟ್ಟಿದ್ದೆ. ಅದೂ ಬಿಜ್ಜು ಅಂತ ನಿನಗೆ ಆಗ ಗೊತ್ತಿರಲಿಲ್ವಾ, ಇಲ್ಲ ಗೊತ್ತಾದ ಮೇಲೂ ಸುಮ್ಮನಿದ್ದೆಯಾ? ಯಾರಿಗೂ ಹೇಳಿಲ್ಲ. ನನ್ನ ಹಾಳೆಯಲ್ಲಿ ಬಿಜ್ಜು ಅಂತಲೇ ಬರೆಯುತ್ತೇನೆ. ನಿನ್ನದನ್ನು ನೀನೇ ಬಂದು ತಿದ್ದಬೇಕು. ಕಣ್ಣಲ್ಲಿ ನೋಡಿದ್ದು ಸರಿಯಾಗೇ ಇತ್ತು ಅಪ್ಪಾ, ಹೆಸರೊಂದೇ ತಪ್ಪು.