ಅಪ್ಪಾಜಿಯ ಅಡಕತ್ತರಿ ಹರಾಜಿಗೆ ಬಿದ್ದದ್ದು

ತೀರ್ಥರೂಪು ಅಪ್ಪಾಜಿಯವರಿಗೆ ಹಿತ್ತಾಳೆ ವ್ಯಾಪಾರಿ ಮಗಳ ಸಾಷ್ಟಾಂಗ ನಮಸ್ಕಾರ.

ನೀವೀಗ ಇರುವ ಊರೊಂದನ್ನು ಬಿಟ್ಟು ಮಿಕ್ಕೆಲ್ಲ ಊರುಗಳಿಗೂ ಸಂತೇಬೆನ್ನೂರಿನಿಂದ ನನ್ನ ಹಳೆ ಪಾತ್ರೆಗಳು ಕೊರಿಯರ್‌ನಲ್ಲಿ ಹೋಗುತ್ತಿವೆ. ಆನ್‌ಲೈನ್ ಹರಾಜಿನಲ್ಲಿ ನನ್ನದು ದೊಡ್ಡ ಹೆಸರು ಎಂದು ಅತ್ಯಂತ ವಿನಯದಿಂದ ತಿಳಿಸುತ್ತೇನೆ.

ಮೊನ್ನೆ ನಿಮ್ಮ ಅಡಕತ್ತರಿಯನ್ನೂ ಹರಾಜಿಗಿಟ್ಟೆ. ಪುಣೆಯವರೊಬ್ಬರು ಕೂಗಿದಾಗಲೆಲ್ಲ ಇನ್ನೊಬ್ಬರು ಜಿದ್ದಿಗೆ ಬಿದ್ದು ಬೆಲೆ ಏರಿಸುತ್ತಿದ್ದರು. ಹೆಸರು ನೋಡಿದರೆ ನಿಮ್ಮ ತಮ್ಮ! ತಕ್ಷಣ ಫೋನ್ ಮಾಡಿದೆ.

"ಚಿಕ್ಕಪ್ಪಾ, ಇದು ಮಠದಲ್ಲಿ ತೆಂಗಿನಕಾಯಿ ಸವಾಲು ಕೂಗಿದಂಗಲ್ಲ. ಮನೆಯವರೇ ಕೂಗಿದ್ರೆ ನನ್ನ ಅಕೌಂಟ್ ಮುಚ್ತಾರೆ!"

"ಅಣ್ಣನ ಸಾಮಾನು ಕಡಿಮಿಗೆ ಹೋದ್ರೆ ಮನೆತನದ ಮರ್ಯಾದಿ ಏನಾಗ್ಬೇಕವ್ವಾ? ಅಡಿಕೆ ಕಡಿಯಾಕೆ ನನಗೆಲ್ಲೈತೆ ಹಲ್ಲು?"

ಅವರ ಕೂಗನ್ನೆಲ್ಲ ರದ್ದು ಮಾಡಿಸಿದೆ. ಬೆಲೆ ಇಳಿಯಿತು, ನನ್ನ ಹೆಸರು ಉಳಿಯಿತು. ಅಡಕತ್ತರಿ ಪುಣೆಯವರದಾಯಿತು.

ಹರಾಜಿನ ವಿವರದಲ್ಲಿ 'ಚೆನ್ನಾಗಿ ಕತ್ತರಿಸುತ್ತದೆ' ಎಂದು ಬರೆದ ಮೇಲೆ ಪರೀಕ್ಷಿಸಿ ಕಳಿಸುವುದು ವ್ಯಾಪಾರಿಯ ಧರ್ಮವಲ್ಲವೇ? ಈ ದಿನ ಒಂದು ಅಡಿಕೆ ಕತ್ತರಿಸಿ ನೋಡಿದೆ. ಒಂದೇ ಸಾಕಿತ್ತು. ಮನೆಯಲ್ಲೀಗ ಎಲೆಯಡಿಕೆ ಹಾಕುವವರೂ ಇಲ್ಲ. ಆದರೂ ನಿಮಗಾಗುವಷ್ಟು ಸಣ್ಣಗೆ ಕತ್ತರಿಸುತ್ತ ಕೂತೆ. ತಟ್ಟೆ ತುಂಬಿದ ಮೇಲೆಯೇ ಅಡಕತ್ತರಿಯನ್ನು ಡಬ್ಬಿಗೆ ಹಾಕಿ ಟೇಪು ಸುತ್ತಿದ್ದು.